ಯಾರು ಪಾಪ ಮಾಡಿದರು? – ಕ್ಯಾಸನೂರಿನ ಕಾಡಂಚಿನಲ್ಲಿ ನಾನು ಕೇಳಿದ ಪ್ರಶ್ನೆ

ಭಾನುವಾರದ ಆರಾಧನೆಯ ಸಂದೇಶ, ಜುಲೈ 6, 2025
ಓದಿದ ವೇದಭಾಗ: ಯೋಹಾನ 9:1–7, ಲೂಕ 13:1–5

ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. ಮಳೆಯಲ್ಲಿ ಮೆಟ್ರೋ ಹಿಡಿದು, ನೆನೆದುಕೊಂಡು ಬಂದಿದ್ದೀರಿ. ಕರ್ತನು ನೋಡಿದ್ದಾನೆ.

ನಮ್ಮ ಮೀಡಿಯಾ ಟೀಮಿನ ತಂಗಿ ಮಂಗಳವಾರ ನನಗೆ ಮೆಸೇಜ್ ಮಾಡಿದ್ರು. "ಅಣ್ಣಾ, ಭಾನುವಾರ ವಿಶ್ವ ಪ್ರಾಣಿಜನ್ಯ ರೋಗಗಳ ದಿನ ಬರುತ್ತೆ. ಸ್ಟೇಟಸ್‌ಗೆ ಒಂದು ವಚನ ಹೇಳಿ" ಅಂತ. ನಿಮಗೆ ಗೊತ್ತಲ್ಲ, ಈಗ ಪ್ರತಿ ದಿನವೂ ಏನೋ ಒಂದು ದಿನ. ತಾಯಂದಿರ ದಿನ, ನೀರಿನ ದಿನ, ಗುಬ್ಬಚ್ಚಿ ದಿನ. ಅದೇ ಜುಲೈ 6ಕ್ಕೆ ಇನ್ನೊಂದು ದಿನವೂ ಇದೆ ಅಂತ ಹುಡುಗರು ಮೂಲೆಯಲ್ಲಿ ನಗ್ತಾ ಇದ್ರು. ಅದು ಯಾವುದು ಅಂತ ನಾನು ಈ ವೇದಿಕೆ ಮೇಲಿಂದ ಹೇಳಲ್ಲ, ಮನೆಗೆ ಹೋಗಿ ಹುಡುಕ್ಕೊಳ್ಳಿ.

ಸ್ಟೇಟಸ್‌ಗೆ ವಚನ ಕೊಡೋದು ಸುಲಭ. ಆದರೆ ಆ ಮೆಸೇಜ್ ಓದಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕಂದ್ರೆ ನಾನು ಹುಟ್ಟಿದ ಸೀಮೆಯಲ್ಲೇ ಅಂಥ ಒಂದು ರೋಗ ಮೊದಲು ಗುರುತಿಗೆ ಬಂದದ್ದು. ಆ ರೋಗ ಬಂದ ಒಬ್ಬ ಅಕ್ಕನ ಮಂಚದ ಪಕ್ಕ ಕೂತು ನಾನು ಒಂದು ಮಾತು ಕೇಳಿದೆ. ಅದನ್ನು ಇವತ್ತಿನ ತನಕ ಈ ಸಭೆಯಲ್ಲಿ ಹೇಳಿಲ್ಲ. ಇವತ್ತು ಹೇಳ್ತೀನಿ.

ಮೊದಲು ಈ ದಿನ ಯಾಕೆ ಅಂತ ಚಿಕ್ಕದಾಗಿ. 1885ರ ಜುಲೈ 6. ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ನನ್ನು ಅವನ ತಾಯಿ ಪ್ಯಾರಿಸ್‌ಗೆ, ಲೂಯಿ ಪಾಶ್ಚರ್ ಹತ್ತಿರ ಕರ್ಕೊಂಡು ಬಂದಳು. ಪಾಶ್ಚರ್ ರಸಾಯನಶಾಸ್ತ್ರದವರು, ವೈದ್ಯರಲ್ಲ. ಅದಕ್ಕೆ ಚುಚ್ಚುಮದ್ದು ಕೊಟ್ಟಿದ್ದು ಇನ್ನೊಬ್ಬ ಡಾಕ್ಟರ್. ಹುಡುಗ ಬದುಕಿದ. ಆ ದಿನದ ನೆನಪಿಗೆ ಇದು. ಅಷ್ಟು ಸಾಕು, ನಮ್ಮೂರಿಗೆ ಹೋಗೋಣ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗೋ ಬಸ್ಸು ಹತ್ತಿದವರು ಯಾರಾದ್ರೂ ಇದ್ದೀರಾ? ಒಂದು ಕೈ. ಎರಡು. ಸರಿ, ಉಳಿದವರಿಗೆ ಹೇಳ್ತೀನಿ. ಶಿಕಾರಿಪುರದ ಕಡೆ ಕೆರೆಗಳು, ಮೆಕ್ಕೆಜೋಳ, ಬಯಲು. ಸೊರಬದ ಕಡೆ ಹೋಗ್ತಾ ಹೋಗ್ತಾ ಕಾಡು ಹತ್ತಿರ ಬರುತ್ತೆ, ಅಡಿಕೆ ತೋಟ ಬರುತ್ತೆ, ಮನೆಗಳು ದೂರ ದೂರ ಆಗ್ತವೆ. ಬಯಲುಸೀಮೆ ಮತ್ತು ಮಲೆನಾಡು ಒಂದಕ್ಕೊಂದು ಕೈ ಕೊಡೋ ಜಾಗ ಅದು. ಆ ಸೊರಬ ತಾಲ್ಲೂಕಿನಲ್ಲೇ ಕ್ಯಾಸನೂರು ಅಂತ ಒಂದು ಊರು, ಅದರ ಕಾಡು.

1957ರ ಬೇಸಿಗೆ ಶುರುವಿನಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಯೋದಕ್ಕೆ ಶುರುವಾದವು. ಕಪ್ಪು ಮೂತಿಯ ಮುಸುವ, ಕೆಂಪು ಮೂತಿಯ ಮಂಗ, ಎರಡೂ. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆ ಸಿಡಿಯೋ ನೋವು, ಮೈಕೈ ಎಲ್ಲಾ ಮುರಿದು ಹಾಕಿದ ಹಾಗೆ, ಕಣ್ಣು ಕೆಂಪು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಅಂತ ಇಬ್ಬರು ಮುಂದಾಳುಗಳು. ಮಂಗಗಳು ಸಾಯ್ತಾ ಇವೆ ಅಂದ್ರೆ ಇದು ಆಫ್ರಿಕಾದ ಹಳದಿ ಜ್ವರ ಇರಬಹುದಾ ಅನ್ನೋದು ಅವರ ಮೊದಲ ಅನುಮಾನ. ರಕ್ತ ಪರೀಕ್ಷೆ ಮಾಡಿದ್ರು, ಅದಲ್ಲ ಅಂತ ಗೊತ್ತಾಯ್ತು. ರಷ್ಯಾದಲ್ಲಿ ಉಣುಗುಗಳಿಂದ ಬರೋ ಒಂದು ಮೆದುಳು ಜ್ವರ ಇದೆ, ಅದರ ಬಳಗಕ್ಕೆ ಸೇರಿದ ಹೊಸ ವೈರಸ್ ಇದು. ಹಾಗಾದ್ರೆ ವಲಸೆ ಹಕ್ಕಿಗಳು ಉತ್ತರದಿಂದ ತಂದವಾ? ಅದನ್ನೂ ಹುಡುಕಿದ್ರು. ಸಾಲಿಂ ಅಲಿಯವರು 1959ರಲ್ಲಿ ಶುರು ಮಾಡಿದ, ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸೋ ದೊಡ್ಡ ಯೋಜನೆಗೆ ಈ ಪ್ರಶ್ನೆಯೂ ಒಂದು ಕಾರಣ. ಅದೇ ಸೊರಬ ತಾಲ್ಲೂಕಿನಲ್ಲಿ ಗುಡವಿ ಪಕ್ಷಿಧಾಮ ಇದೆ. ಪಾಪ, ಆ ಹಕ್ಕಿಗಳು. ಅವೇ ತಂದವು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ.

ನಿಜವಾಗಿ ಹರಡಿಸ್ತಾ ಇದ್ದದ್ದು ಯಾವುದು? ಉಣುಗು. ಕಾಡಿನ ತರಗೆಲೆಯಲ್ಲಿ ಇರೋ, ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು. ಮಂಗಕ್ಕೂ ಅದೇ ಕಚ್ಚುತ್ತೆ, ಮನುಷ್ಯನಿಗೂ ಅದೇ ಕಚ್ಚುತ್ತೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ತಣ್ಣಗಾದ ಮೈ ಬಿಟ್ಟು ಸುತ್ತಲೂ ನೆಲಕ್ಕೆ ಇಳೀತವೆ. ಆ ಜಾಗ ಅಪಾಯದ ಜಾಗ. ಅದಕ್ಕೇ ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ತಕ್ಷಣ ತಿಳಿಸಿ ಅಂತ ಆರೋಗ್ಯ ಇಲಾಖೆಯವರು ಹೇಳೋದು; ಬಂದು ಸುತ್ತ ಪುಡಿ ಹಾಕ್ತಾರೆ. ಡಿಸೆಂಬರ್‌ನಿಂದ ಮೇ ತನಕ, ಕಾಡು ಒಣಗಿರೋ ಕಾಲದಲ್ಲಿ ಇದು ಜಾಸ್ತಿ. ಜನ ಕಾಡಿಗೆ ಹೆಚ್ಚಾಗಿ ಹೋಗೋದೂ ಆವಾಗಲೇ, ಸೌದೆಗೆ, ದರಗು ಗುಡಿಸೋದಕ್ಕೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡಲ್ಲ. ರೋಗ ಬಂದ 100 ಜನರಲ್ಲಿ 3ರಿಂದ 5 ಜನ ಉಳಿಯಲ್ಲ. ಇದಕ್ಕೇ ಅಂತ ಔಷಧಿ ಇವತ್ತಿಗೂ ಇಲ್ಲ. ಹಳೆಯ ಲಸಿಕೆ ಸಾಲದು ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೀತಾ ಇದೆ. ಬೇಗ ಆಸ್ಪತ್ರೆ ಸೇರಬೇಕು, ನೀರಿನಂಶ ಕಾಯ್ದುಕೊಳ್ಳಬೇಕು, ರಕ್ತಸ್ರಾವ ಆಗ್ತಾ ಇದೆಯಾ ನೋಡ್ತಾ ಇರಬೇಕು. ದಿನಗಳು ಲೆಕ್ಕಕ್ಕೆ ಬರ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೊದಲ ವರ್ಷಗಳಲ್ಲಿ ಅದು ಸೊರಬ, ಶಿಕಾರಿಪುರ, ಸಾಗರ, ಈ ಮೂರು ತಾಲ್ಲೂಕುಗಳ ಸುಮಾರು 800 ಚದರ ಕಿಲೋಮೀಟರಿನೊಳಗೇ ಇತ್ತು. ಆಮೇಲೆ ತೀರ್ಥಹಳ್ಳಿ, ಹೊಸನಗರ, ಉತ್ತರ ಕನ್ನಡ; ಈಗ ಕೇರಳ, ಗೋವಾ, ಮಹಾರಾಷ್ಟ್ರದ ತನಕ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುದ್ದಿ ನಿಮ್ಮಲ್ಲಿ ಕೆಲವರು ಓದಿರಬಹುದು.

ಈಗ ಹೆಸರು ನೋಡಿ. ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ. ಮಂಗ ಏನು ಮಾಡ್ತು? ಅದು ಕಚ್ಚಲಿಲ್ಲ. ಅದು ಎಲ್ಲರಿಗಿಂತ ಮೊದಲು ಸತ್ತಿತು. ಅದು ಸತ್ತಿದ್ದರಿಂದಲೇ ನಮಗೆ ವಿಷಯ ಗೊತ್ತಾಯ್ತು. ನಾವು ಅದರ ಹೆಸರನ್ನೇ ರೋಗಕ್ಕೆ ಇಟ್ಟೆವು! ಕನ್ನಡದಲ್ಲಿ ಕೆನ್ನೆ ಊದಿಕೊಳ್ಳೋ ಇನ್ನೊಂದು ಕಾಯಿಲೆಗೂ ಮಂಗನಬಾವು ಅಂತೀವಿ, ಅದಕ್ಕಂತೂ ಮಂಗಕ್ಕೆ ಏನೇನೂ ಸಂಬಂಧ ಇಲ್ಲ. ಇನ್ನು ಕ್ಯಾಸನೂರು? ಆ ಊರಿನವರು ಏನು ಮಾಡಿದ್ರು? ಲೋಕದ ವೈದ್ಯ ಪುಸ್ತಕಗಳಲ್ಲೆಲ್ಲ ಒಂದು ಕರ್ನಾಟಕದ ಹಳ್ಳಿಯ ಹೆಸರಿದೆ, ಕಾಯಿಲೆಯಾಗಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು, ಇನ್ನು ಮುಂದೆ ಹೊಸ ರೋಗಗಳಿಗೆ ಊರಿನ ಹೆಸರು, ಜನರ ಹೆಸರು, ಪ್ರಾಣಿಯ ಹೆಸರು ಇಡಬೇಡಿ ಅಂತ. 58 ವರ್ಷ ತಡವಾಯ್ತು ಕ್ಯಾಸನೂರಿಗೆ.

ನರಳುವವರ ತಲೆಗೇ ತಪ್ಪನ್ನು ಕಟ್ಟೋದು. ಇದು ಸರ್ಕಾರದ್ದೋ ವಿಜ್ಞಾನದ್ದೋ ಸಮಸ್ಯೆ ಅಂದುಕೊಳ್ಳಬೇಡಿ. ಬೈಬಲ್ ತೆರೆಯಿರಿ, ಯೋಹಾನ ಒಂಬತ್ತು.

ಯೇಸು ದಾರಿಯಲ್ಲಿ ಹೋಗುತ್ತಿರುವಾಗ ಹುಟ್ಟುಕುರುಡನಾದ ಒಬ್ಬ ಮನುಷ್ಯನನ್ನು ಕಾಣುತ್ತಾನೆ. ಮೊದಲನೇ ವಚನದಲ್ಲಿ ನೋಡುವವನು ಯೇಸು. ಎರಡನೇ ವಚನದಲ್ಲಿ ಶಿಷ್ಯರು ಬಾಯಿ ತೆರೆಯುತ್ತಾರೆ. ಇವನು ಹೀಗೆ ಹುಟ್ಟಬೇಕಾದರೆ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಅಂತ ಕೇಳುತ್ತಾರೆ. ದೇವಜನರೇ, ಒಂದು ಕ್ಷಣ ನಿಲ್ಲಿ. ಅವನು ಕುರುಡ. ಕಿವುಡನಲ್ಲ! ಅವನು ಅಲ್ಲೇ ಕೂತಿದ್ದಾನೆ. ಅವನ ಮುಂದೆಯೇ, ಅವನ ತಾಯಿಯ ಮೇಲೆ ಅನುಮಾನ ಪಡುತ್ತಿದ್ದಾರೆ. ಹುಟ್ಟಿದಾಗಿನಿಂದ ಅವನು ಇದನ್ನು ಎಷ್ಟು ಸಲ ಕೇಳಿರಬೇಕು? ಹೋಗುವವರು ಬರುವವರು ಭಿಕ್ಷೆಯ ಜೊತೆ ಇದನ್ನೂ ತಟ್ಟೆಗೆ ಹಾಕಿ ಹೋಗಿರುತ್ತಾರೆ.

ಇವರು ಫರಿಸಾಯರಲ್ಲ. ಶಿಷ್ಯರು. ಯೇಸುವಿನ ಜೊತೆ ಊಟ ಮಾಡಿದವರು, ಅವನ ಹೆಸರಲ್ಲಿ ರೋಗ ವಾಸಿಮಾಡಿ ಬಂದವರು. ಅಂದ್ರೆ ನಾವು.

ಈಗ ನನ್ನ ವಿಷಯಕ್ಕೆ ಬರ್ತೀನಿ.

ನನಗೆ ಆಗ 24. ಬೈಬಲ್ ಶಾಲೆಯಿಂದ ಹೊಸದಾಗಿ ಹೊರಗೆ ಬಂದಿದ್ದೆ. ಸೊರಬದ ಕಡೆ ಕಾಡಂಚಿನ ಒಂದು ಊರಿನಲ್ಲಿ ನಾಲ್ಕೈದು ಕುಟುಂಬಗಳ ಮನೆ ಕೂಟ ಇತ್ತು, ವಾರಕ್ಕೆ ಎರಡು ಸಲ ಸೈಕಲ್‌ನಲ್ಲಿ ಹೋಗ್ತಿದ್ದೆ. ಅಲ್ಲಿ ಒಬ್ಬ ಅಕ್ಕ. ಹೆಸರು ಬೇಡ. ಗಂಡ ವಿಶ್ವಾಸಿ ಅಲ್ಲ, ಆದ್ರೆ ಕೂಟಕ್ಕೆ ಬೇಡ ಅಂದವರಲ್ಲ; ಬಾಗಿಲ ಹೊರಗೆ ಕೂತು ಅಡಿಕೆ ಸುಲೀತಾ ಹಾಡು ಕೇಳ್ತಿದ್ರು. ಅಕ್ಕನ ಕೆಲಸ ಬೆಳಗ್ಗೆ ಎದ್ದು ಕಾಡಿಗೆ ಹೋಗಿ ದರಗು ಗುಡಿಸಿ, ಬುಟ್ಟಿ ತುಂಬಿ, ಕೊಟ್ಟಿಗೆಗೆ ಹಾಕೋದು. ನಮ್ಮಲ್ಲಿ ದನದ ಕಾಲಡಿಗೆ ದರಗು ಹಾಸ್ತೀವಿ, ಅದೇ ಗೊಬ್ಬರ ಆಗುತ್ತೆ.

ಮಾರ್ಚ್ ತಿಂಗಳು. ಅಕ್ಕನಿಗೆ ಜ್ವರ ಅಂತ ಕರೆ ಬಂತು. ಹೋದೆ. ಚಾಪೆ ಮೇಲೆ ಮಲಗಿದ್ರು, ಬೆಳಕು ನೋಡೋಕಾಗ್ತಿರಲಿಲ್ಲ, ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ರು. ಅವರ ಮಗ, ಹತ್ತು ವರ್ಷ ಇರಬಹುದು, ನನ್ನ ಶರ್ಟ್ ಎಳೆದು ಹೇಳಿದ: "ಮಾವ, ನಾವು ದರಗು ಗುಡಿಸೋ ಹತ್ರ ಮುಸುವ ಸತ್ತು ಬಿದ್ದಿತ್ತು." ನಾನು ಏನು ಹೇಳಿದೆ ಗೊತ್ತಾ? "ಪ್ರಾರ್ಥನೆ ಹೊತ್ತಲ್ಲಿ ಅದೆಲ್ಲ ಮಾತಾಡಬಾರದು, ಕಣ್ಣು ಮುಚ್ಚು" ಅಂದೆ.

ನಾನು ಅದೇ ಸೀಮೆಯವನು. ಮಂಗನ ಕಾಯಿಲೆ ಹೆಸರು ಕೇಳದೇ ಬೆಳೆದವನಲ್ಲ. ಶಾಲೆಯ ಗೋಡೆ ಮೇಲೆ ಬರೆದಿತ್ತು. ಆದರೆ ಆವತ್ತು ನನ್ನ ತಲೆಯಲ್ಲಿ ಬೇರೇನೋ ಇತ್ತು. ಅದರ ಹಿಂದಿನ ವಾರ ಒಂದು ದೊಡ್ಡ ಕನ್ವೆನ್ಷನ್‌ಗೆ ಹೋಗಿದ್ದೆ. ಅಲ್ಲಿ ಪ್ರಸಂಗಿಯೊಬ್ಬರು ರೋಗಿಗಳ ಮುಂದೆ ನಿಂತು, ನಿನ್ನಲ್ಲಿ ಇಂಥ ಪಾಪ ಇದೆ, ಒಪ್ಪಿಕೋ, ವಾಸಿಯಾಗ್ತೀಯಾ ಅಂತ ಹೇಳ್ತಿದ್ರು. ಜನ ಅಳ್ತಿದ್ರು. ನನಗೂ ಹಾಗೆ ಆಗಬೇಕು ಅನ್ನಿಸಿತ್ತು. ಅದು ಪವಿತ್ರಾತ್ಮನ ಪ್ರೇರಣೆಯೋ ನನ್ನ ಆಸೆಯೋ ಅಂತ ಪರೀಕ್ಷಿಸೋಷ್ಟು ತಾಳ್ಮೆ 24ರ ಹುಡುಗನಿಗೆ ಎಲ್ಲಿಂದ ಬರಬೇಕು. ಅಕ್ಕನ ತಲೆ ಮೇಲೆ ಕೈ ಇಟ್ಟೆ. ಎಣ್ಣೆ ಹಚ್ಚಿದೆ. ಆಮೇಲೆ ದನಿ ಇಳಿಸಿ ಕೇಳಿದೆ: "ಅಕ್ಕಾ, ಕರ್ತನ ಮುಂದೆ ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಅವರು ಏನೂ ಹೇಳಲಿಲ್ಲ. ನಾನು, ಮೂರು ದಿನ ಉಪವಾಸ ಪ್ರಾರ್ಥನೆ ಮಾಡೋಣ, ಕರ್ತನು ತೋರಿಸ್ತಾನೆ ಅಂದು ಸೈಕಲ್ ಹತ್ತಿದೆ. ಆಸ್ಪತ್ರೆಗೆ ಹೋಗಬೇಡಿ ಅಂತ ನಾನು ಹೇಳಲಿಲ್ಲ. ಅದನ್ನು ತುಂಬಾ ವರ್ಷ ನನ್ನ ಪರವಾಗಿ ವಾದ ಮಾಡೋದಕ್ಕೆ ಇಟ್ಟುಕೊಂಡಿದ್ದೆ. ಹೋಗಿ ಅಂತಲೂ ಹೇಳಲಿಲ್ಲ.

ಜ್ವರದವಳು ಉಪವಾಸ! ಹೇಳಿದೆನಲ್ಲ, ನೀರಿನಂಶ ಕಾಯ್ದುಕೊಳ್ಳಬೇಕು, ದಿನಗಳು ಲೆಕ್ಕಕ್ಕೆ ಬರ್ತವೆ ಅಂತ. ನಾಲ್ಕನೇ ದಿನ ಬೆಳಗ್ಗೆ ಒಸಡಿನಿಂದ ರಕ್ತ ಬಂತು. ಗಂಡ ಯಾರನ್ನೂ ಕೇಳಲಿಲ್ಲ. ಅಕ್ಕಪಕ್ಕದವರ ಗಾಡಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು. ನಾನು ಓಡಿ ಹೋದೆ. ವಾರ್ಡಿನ ಹೊರಗೆ ಆ ಅಣ್ಣ ನಿಂತಿದ್ರು. ಬೈಯಲಿಲ್ಲ. ಒಂದೇ ಮಾತು ಕೇಳಿದ್ರು: "ನಿಮ್ಮ ದೇವರು ಮೊದಲು ವಿಚಾರಣೆ ಮಾಡ್ತಾನೋ? ಆಮೇಲೆ ರೋಗಿನ ನೋಡ್ತಾನೋ?"

ಆ ಅಣ್ಣ ಇವತ್ತಿನ ತನಕ ಯಾವ ಕೂಟಕ್ಕೂ ಬಂದಿಲ್ಲ. ಬಾಗಿಲ ಹೊರಗೂ ಕೂರಲ್ಲ.

ಅಕ್ಕ ಬದುಕಿದ್ರು. ಕರ್ತನಿಗೆ ಸ್ತೋತ್ರ. ಎದ್ದು ಓಡಾಡೋಕೆ ಎರಡು ತಿಂಗಳು ಹಿಡೀತು. ನಾನು ಕ್ಷಮೆ ಕೇಳೋದಕ್ಕೆ ಹೋದಾಗ ಅವರು ಗಂಜಿ ಕುಡೀತಾ ಕೂತಿದ್ರು. ತಪ್ಪಾಯ್ತು ಅಕ್ಕಾ ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ್ರು: "ತಮ್ಮಾ, ಮೈ ನೋವು ತಡ್ಕೊಂಡೆ. ನೀನು ಕೇಳಿ ಹೋದ್ಮೇಲೆ ಮೂರು ರಾತ್ರಿ ನಾನು ಪಾಪ ಹುಡುಕ್ತಾ ಇದ್ದೆ. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ. ಚಿಕ್ಕ ಹುಡುಗಿ ಆದಾಗಿಂದ ಒಂದೊಂದೇ ನೆನೆಸ್ಕೊಂಡು ಹುಡುಕಿದೆ. ಅದು ಜ್ವರಕ್ಕಿಂತ ಕಷ್ಟ ಆಯ್ತು."

(ಸ್ವಲ್ಪ ಮೌನ)

ಪ್ರಿಯರೇ, ಆ ಮನೆಯಲ್ಲಿ ಆವತ್ತು ಕರ್ತನ ಎಚ್ಚರಿಕೆ ಯಾರ ಬಾಯಲ್ಲಿ ಬಂತು? ಕೈ ಇಟ್ಟವನ ಬಾಯಲ್ಲಿ ಅಲ್ಲ. ಶರ್ಟ್ ಎಳೆದ ಹುಡುಗನ ಬಾಯಲ್ಲಿ. ನಾನು ದರ್ಶನ ಹುಡುಕ್ತಾ ಇದ್ದೆ, ಅವನು ಕಂಡದ್ದನ್ನು ಹೇಳಿದ. ಪ್ರವಾದನೆಯನ್ನು ಕಣ್ಣು ಮುಚ್ಚು ಅಂತ ಸುಮ್ಮನಿರಿಸಿದವನು ನಾನು.

ಈಗ ಯೇಸು ಏನು ಮಾಡಿದ ನೋಡೋಣ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಅಂತ ಆ ಪ್ರಶ್ನೆಯನ್ನೇ ಬದಿಗಿಟ್ಟ. ದೇವರ ಕೆಲಸ ಇವನಲ್ಲಿ ಕಾಣಬೇಕು, ಹಗಲಿರುವಾಗಲೇ ಮಾಡಬೇಕು ಅಂದ. ಆಮೇಲೆ ನೆಲಕ್ಕೆ ಬಗ್ಗಿದ. ಶಿಷ್ಯರು ಎತ್ತರದಲ್ಲಿ ನಿಂತು ಚರ್ಚೆ ಮಾಡುತ್ತಿದ್ದಾರೆ, ದೇವಕುಮಾರನು ಮಣ್ಣು ಕಲಸುತ್ತಿದ್ದಾನೆ. ಆ ಕೆಸರನ್ನು ಕಣ್ಣಿಗೆ ಹಚ್ಚಿ, ಹೋಗು, ಸಿಲೋವ ಕೊಳದಲ್ಲಿ ತೊಳೆದುಕೋ ಅಂತ ಕಳಿಸಿದ. ಒಂದು ಮಾತು ಹೇಳಿದ್ರೆ ಸಾಕಿತ್ತು. ಯಾಕೆ ಮಣ್ಣು, ಯಾಕೆ ನೀರು, ಯಾಕೆ ಆ ನಡಿಗೆ? ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಒಂದು ನೋಡಿದ್ದೀನಿ, ನಮ್ಮ ದೇವರಿಗೆ ಮಣ್ಣು, ನೀರು, ಎಣ್ಣೆ, ಔಷಧಿ ಇವುಗಳ ಮೇಲೆ ಅಸೂಯೆ ಇಲ್ಲ. ಹಿಜ್ಕೀಯ ರಾಜನಿಗೆ ಹದಿನೈದು ವರ್ಷ ಆಯುಷ್ಯ ಕೂಡಿಸ್ತೀನಿ ಅಂತ ದೇವರೇ ಮಾತು ಕೊಟ್ಟ ಮೇಲೂ, ಯೆಶಾಯ ಅಂಜೂರದ ಹಣ್ಣಿನ ಮುದ್ದೆ ತಂದು ಹುಣ್ಣಿಗೆ ಕಟ್ಟಿ ಅಂದ. ವಾಗ್ದಾನವೂ ಇತ್ತು, ಅಂಜೂರದ ಪಟ್ಟಿಯೂ ಇತ್ತು. ಆಮೆನ್ ಅನ್ನೋದಕ್ಕೆ ಯಾಕೆ ಹೆದರ್ತೀರಿ?

ಆಮೆನ್. ಸರಿ.

ಸಿಲೋವ ಅಂದಾಗ ಲೂಕ 13 ನೆನಪಿಗೆ ಬರಬೇಕು. ಅದಕ್ಕೇ ಎರಡೂ ಭಾಗ ಓದಿಸಿದ್ದು. ಅದೇ ಸಿಲೋವದಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಯೆರೂಸಲೇಮಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಸುದ್ದಿ. ಅವರು ಬೇರೆ ಎಲ್ಲರಿಗಿಂತ ದೊಡ್ಡ ಅಪರಾಧಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾನೆ. ಅಲ್ಲ ಅಂತ ಅವನೇ ಹೇಳುತ್ತಾನೆ. ಆಮೇಲೆ ತಿರುಗಿ, ಕೇಳುತ್ತಿರುವವರಿಗೆ, ನೀವು ಮಾನಸಾಂತರ ಪಡಿರಿ ಅನ್ನುತ್ತಾನೆ. ಪಾಪ ಇಲ್ಲ ಅಂತ ಹೇಳಲಿಲ್ಲ. ಬೆರಳು ಸತ್ತವರ ಕಡೆ ತೋರಿಸಬೇಡ, ನಿನ್ನ ಕಡೆ ತಿರುಗಿಸಿಕೋ ಅಂದ.

ಸಿಲೋವ ಅಂದ್ರೆ ಬುರುಜು ಬಿದ್ದ ಊರು, ಜನ ಸತ್ತ ಜಾಗ. ಕ್ಯಾಸನೂರು ಅಂದ ಹಾಗೆ. ಇಲ್ಲಿ ಯೋಹಾನ 9ರಲ್ಲಿ ಕುರುಡನನ್ನು ಯೇಸು ಕಳಿಸಿದ್ದು ಅದೇ ಹೆಸರಿನ ಕೊಳಕ್ಕೆ. ಹೋದ, ತೊಳೆದುಕೊಂಡ, ಕಣ್ಣು ಕಾಣುತ್ತಾ ಬಂದ.

ನಮ್ಮ ಸಭೆಯಲ್ಲಿ ಸ್ವಸ್ಥತೆಗೋಸ್ಕರ ಪ್ರಾರ್ಥನೆ ನಿಲ್ಲಿಸ್ತೀವಾ? ಇಲ್ಲ. ನನ್ನ ತಾಯಿಯ ಸಾಕ್ಷಿ ನಿಮಗೆ ಗೊತ್ತು, ನಾನು ಅದ್ಭುತವನ್ನು ಕಣ್ಣಾರೆ ಕಂಡವನು. ಇವತ್ತು ಆರಾಧನೆ ಮುಗಿದ ಮೇಲೂ ಕೈ ಇಟ್ಟು ಪ್ರಾರ್ಥಿಸ್ತೀವಿ. ಆದರೆ ಪೌಲನನ್ನೂ ನೋಡಿ. ಎಫೆಸದಲ್ಲಿ ಅವನ ಮೈಮೇಲಿನ ಕರವಸ್ತ್ರ ತಂದು ಹಾಕಿದ್ರೂ ರೋಗಗಳು ಬಿಟ್ಟುಹೋದವು. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಅಂತ ತಿಮೊಥೆಯನಿಗೆ ಬರೆಯುತ್ತಾನೆ. ಒಂದೇ ಸಾಲು. ತ್ರೊಫಿಮನಿಗೆ ನಂಬಿಕೆ ಸಾಲಲಿಲ್ಲ ಅಂತ ಬರೆಯಲಿಲ್ಲ. ಏನನ್ನೋ ಮುಚ್ಚಿಟ್ಟಿದ್ದ ಅಂತಲೂ ಬರೆಯಲಿಲ್ಲ.

ಇದು ಸೊರಬದ ಕಾಡಿನ ವಿಷಯ, ನಮಗೇನು ಅಂತ ಯಾರಾದ್ರೂ ಅಂದುಕೊಂಡಿದ್ರೆ, ನಮ್ಮ ಪಿಜಿಗಳಿಗೆ ಬನ್ನಿ. ಈ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದು ಹೇಳಿದ, ಅಣ್ಣಾ ನಾನು ಖಿನ್ನತೆಗೆ ಮಾತ್ರೆ ತಗೊಳ್ತೀನಿ, ರೂಮ್‌ಮೇಟ್ ವಿಶ್ವಾಸಿಗಳಿಗೆ ಗೊತ್ತಾಗಬಾರದು ಅಂತ ವಿಟಮಿನ್ ಡಬ್ಬಿಯಲ್ಲಿ ಹಾಕಿ ಇಟ್ಕೊಂಡಿದ್ದೀನಿ ಅಂತ. ವಿಟಮಿನ್ ಡಬ್ಬಿ! ಯಾಕೆ? ಒಂದು ಸಲ ಕೇರ್ ಸೆಲ್‌ನಲ್ಲಿ ಬಾಯಿ ಬಿಟ್ಟಾಗ, ಬೆಳಗಿನ ಪ್ರಾರ್ಥನೆ ಸರಿಯಾಗಿ ಮಾಡ್ತಾ ಇದೀಯಾ ಅಂತ ಕೇಳಿದ್ರಂತೆ. ಮದುವೆಯಾಗಿ ಆರು ವರ್ಷ ಆದ ಒಬ್ಬ ತಂಗಿ ಸಭೆಗೆ ತಡವಾಗಿ ಬಂದು ಬೇಗ ಹೋಗ್ತಾರೆ. ಆರಾಧನೆ ಮುಗಿದ ಮೇಲೆ ಕಾಫಿ ಹತ್ತಿರ ಬರೋ ಪ್ರಶ್ನೆಗಳಿಂದ ತಪ್ಪಿಸ್ಕೊಳ್ಳೋದಕ್ಕೆ. ಕೆಲಸ ಹೋದವನಿಗೆ, ದಶಮಾಂಶ ಕೊಡ್ತಿದ್ದೀಯಾ ಅಂತೀವಿ. ನಾವು ಒಳ್ಳೆಯ ಮನಸ್ಸಿನಿಂದಲೇ ಕೇಳ್ತೀವಿ. ನಾನೂ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದೆ.

ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ರಲ್ಲ, ಅಷ್ಟು ದಿನ ಅವರು ಒಳ್ಳೆಯ ಸ್ನೇಹಿತರಾಗಿದ್ರು. ಕೆಟ್ಟದ್ದು ಬಾಯಿ ತೆರೆದ ಮೇಲೆ.

ಇನ್ನೊಂದು ವಿಷಯ, ಬೇಗ ಹೇಳಿಬಿಡ್ತೀನಿ. ಕಾರಣ ಹುಡುಕೋದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಪುಣೆಯಿಂದ ಬಂದವರು ಕಾರಣ ಹುಡುಕಿದ್ದರಿಂದಲೇ ಅಕ್ಕ ಬದುಕಿದ್ರು. ಅವರ ಮೊದಲ ಊಹೆಯೂ ತಪ್ಪಾಗಿತ್ತು. ಆದರೆ ಅವರು ತರಗೆಲೆಗೆ ಕೈ ಹಾಕಿದ್ರು, ಉಣುಗು ಹೆಕ್ಕಿದ್ರು, ತಪ್ಪು ಅಂತ ಗೊತ್ತಾದಾಗ ಬಿಟ್ಟುಕೊಟ್ಟರು. ಕೆಲವರಿಗೆ ಆ ಕೆಲಸದಲ್ಲೇ ಸೋಂಕೂ ತಗುಲಿತು. ನಾನು ಊಹೆ ಮಾಡಿ, ಅದಕ್ಕೆ ಕರ್ತನ ಹೆಸರು ಹಾಕಿ, ಸೈಕಲ್ ಹತ್ತಿ ಹೋದೆ.

ಈ ಅಧ್ಯಾಯದ ಕೊನೆಯನ್ನು ಮನೆಯಲ್ಲಿ ಓದಿಕೊಳ್ಳಿ. ಕಣ್ಣು ಬಂದ ಮೇಲೂ ಆ ಮನುಷ್ಯನನ್ನು ಬಿಡಲಿಲ್ಲ. ನೀನು ಪೂರಾ ಪಾಪದಲ್ಲೇ ಹುಟ್ಟಿದವನು ಅಂತ ಬೈದು ಸಭಾಮಂದಿರದಿಂದ ಹೊರಗೆ ಹಾಕಿದರು. ಎರಡನೇ ವಚನದ ಪ್ರಶ್ನೆ ಮೂವತ್ತನಾಲ್ಕನೇ ವಚನದಲ್ಲಿ ತೀರ್ಪಾಯ್ತು. ಮೂವತ್ತೈದನೇ ವಚನದಲ್ಲಿ ಏನಿದೆ? ಅವನನ್ನು ಹೊರಗೆ ಹಾಕಿದ್ದು ಯೇಸುವಿನ ಕಿವಿಗೆ ಬಿತ್ತು. ಯೇಸು ಅವನನ್ನು ಕಂಡುಕೊಂಡ. ಸಭೆ ಹೊರಗೆ ಹಾಕಿದವನನ್ನು ಕರ್ತನು ಹೋಗಿ ಹುಡುಕಿದ. ಯೌವನಸ್ಥರೇ, ಯಾವುದೋ ಸಭೆಯಲ್ಲಿ ಇಂಥ ಮಾತು ಕೇಳಿ, ಇನ್ನು ದೇವರೂ ಬೇಡ ಅಂತ ದೂರ ಹೋದ ಸ್ನೇಹಿತ ನಿಮಗೆ ಇದ್ರೆ, ಅವನನ್ನು ಈಗ ಹುಡುಕ್ತಾ ಇರೋದು ಯಾರು ಅಂತ ಅವನಿಗೆ ಹೇಳಿ. ವಾದ ಬೇಡ. ಫೋನ್ ಮಾಡಿ, ಊಟಕ್ಕೆ ಕರೀರಿ.

ಅಕ್ಕ ಈಗಲೂ ದರಗಿಗೆ ಹೋಗ್ತಾರೆ. ಬೇರೆ ದಾರಿ ಇಲ್ಲ, ದನ ಇದೆ, ತೋಟ ಇದೆ. ಅವರ ಮನೆ ಕಿಟಕಿಯಲ್ಲಿ ಎರಡು ಸೀಸೆ ಇರುತ್ತೆ. ಒಂದು ನಾನು ಆವತ್ತು ಪ್ರಾರ್ಥನೆಗೆ ತಂದು ಮರೆತು ಹೋದ ಎಣ್ಣೆ. ಇನ್ನೊಂದು ಆರೋಗ್ಯ ಇಲಾಖೆಯವರು ಕೈಕಾಲಿಗೆ ಹಚ್ಕೊಳ್ಳಿ, ಉಣುಗು ಹತ್ತಲ್ಲ ಅಂತ ಕೊಡೋದು. ಮೊದಲು ಡಿಎಂಪಿ ಎಣ್ಣೆ ಅಂತಿದ್ರು, ಈಗ ಡೆಪಾ ಅಂತ ಬಂದಿದೆ. ಕಾಡಿಗೆ ಹೋಗೋ ಮುಂಚೆ ಕಾಲಿಗೆ ಅದನ್ನು ಹಚ್ಕೊಂಡು, ಅಲ್ಲೇ ನಿಂತು ಪ್ರಾರ್ಥನೆ ಮಾಡ್ತಾರೆ. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೆ ಒಗೆಯೋದು. ನನ್ನ ಸೀಸೆ ಯಾಕೆ ಇಟ್ಕೊಂಡಿದ್ದೀರಿ ಅಂತ ಒಂದು ಸಲ ಕೇಳಿದೆ. "ಅದು ಕರ್ತಂದು, ನಿಂದಲ್ಲ" ಅಂದ್ರು.

ಈ ಸಂದೇಶ ಕೊಡೋ ಮುಂಚೆ ಅವರ ಅಪ್ಪಣೆ ಕೇಳಬೇಕು ಅಂತ ಶುಕ್ರವಾರ ಫೋನ್ ಮಾಡಿದ್ದೆ. ಹೆಸರು ಹೇಳಲ್ಲ, ನಡೆದದ್ದು ಹೇಳಲಾ ಅಂದೆ. "ಹೇಳು ತಮ್ಮಾ" ಅಂದ್ರು. ಆಮೇಲೆ ನಕ್ಕು ಇನ್ನೊಂದು ಮಾತು: "ಆದ್ರೆ ಪಾಪ ಸಿಗ್ಲೇ ಇಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ. ಮೂರು ರಾತ್ರಿ ಹುಡುಕಿದ್ರೆ ಸಿಗದೇ ಇರ್ತವಾ? ಬೇಕಾದಷ್ಟು ಸಿಕ್ಕಿದ್ವು. ಜ್ವರಕ್ಕೂ ಅವಕ್ಕೂ ಸಂಬಂಧ ಇರ್ಲಿಲ್ಲ, ಅಷ್ಟೇ."

ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ ತಮ್ಮಾ, ಇವತ್ತು ಸುಮ್ಮನೆ ನಿಲ್ಲೋಣ.

ಕಣ್ಣು ಮುಚ್ಚಿ. ಇಲ್ಲಿ ಯಾರಿಗಾದ್ರೂ, ಕಾಯಿಲೆಯಲ್ಲಿ ಮಲಗಿದ್ದಾಗ, ಮಗು ಕಳ್ಕೊಂಡಾಗ, ಮನಸ್ಸು ಕುಸಿದಾಗ, ನಿನ್ನ ಪಾಪವೇ ಕಾರಣ ಅಂತ ಯಾರಾದ್ರೂ ಹೇಳಿದ್ರೆ, ಅಥವಾ ಕೇಳಿದ್ರೆ, ಕೈ ಎತ್ತಬೇಡಿ, ಮುಂದೆ ಬರಬೇಡಿ. ನಿಂತಲ್ಲೇ ನಿಲ್ಲಿ. ಹೇಳಿದವರ ಪರವಾಗಿ, ನನ್ನ ಪರವಾಗಿಯೂ, ನಾನು ನಿಮ್ಮ ಹತ್ತಿರ ಕ್ಷಮೆ ಕೇಳ್ತೀನಿ. ಹೇಳಿದವರು ಇದ್ರೆ, ಇವತ್ತು ಸಾಯಂಕಾಲದೊಳಗೆ ಫೋನ್ ಮಾಡಿ. ಮೆಸೇಜ್ ಅಲ್ಲ. ಫೋನ್.

ಪ್ರೀತಿಯುಳ್ಳ ತಂದೆಯೇ, ಈ ಮಳೆಗಾಲದಲ್ಲಿ ಮಲೆನಾಡಿನ ಕಾಡಂಚಿನಲ್ಲಿರುವ ಮನೆಗಳನ್ನು ನೆನಪು ಮಾಡಿಕೋ. ಬರುವ ಡಿಸೆಂಬರಿಗೆ ಅವರು ಮತ್ತೆ ಕಾಡಿಗೆ ಹೋಗುತ್ತಾರೆ, ಅವರ ಕಾಲುಗಳನ್ನು ಕಾಯಿ. ಎಣ್ಣೆ ಹಿಡಿದು ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರನ್ನು, ಉಣುಗು ಹೆಕ್ಕುವ ಸಿಬ್ಬಂದಿಯನ್ನು, ಲಸಿಕೆಗಾಗಿ ದುಡಿಯುವವರನ್ನು ಆಶೀರ್ವದಿಸು. ಆ ಅಣ್ಣನಿಗೆ ನಾನು ಕೊಟ್ಟ ಗಾಯವನ್ನು ನಿನ್ನ ಕೈಯಿಂದ ಕಟ್ಟು. ಶರ್ಟ್ ಎಳೆದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಈ ಊರಿನಲ್ಲೇ ಕೆಲಸ ಮಾಡುತ್ತಾನೆ ಎಂದು ಕೇಳಿದ್ದೇನೆ. ನಾನು ಅವನನ್ನು ಹುಡುಕಿ ಹೋಗಲು ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.